ಅಳಿಸಲಾಗದ ಕಿರ್ದಿ

ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಲೆಕ್ಕ ಬರೆಯುವ ತಂತ್ರಾಂಶದ ಹೊಸ ಆವೃತ್ತಿಯನ್ನು ಪರೀಕ್ಷಿಸಬೇಕಾದವನು ಏನನ್ನು ನೋಡಬೇಕು? ಬೆಂಗಳೂರಿನ ಚಿಕ್ಕಪೇಟೆಯ ಜವಳಿ ಸಗಟು ಅಂಗಡಿಯೊಂದರಲ್ಲಿ 2023ರ ಏಪ್ರಿಲ್ ತಿಂಗಳಲ್ಲಿ ಈ ಭಾರವು ಅಲ್ಲಿನ ಹಳೆಯ ಗುಮಾಸ್ತರಾದ ರಾಯರ ಮೇಲೆ ಬಿದ್ದಿತು.

ಅಂಗಡಿಯ ಲೆಕ್ಕವೆಲ್ಲ ‘ಟ್ಯಾಲಿ’ಯಲ್ಲಿ. ಹೆಸರು ಕೇಳಿದೊಡನೆ ಕನ್ನಡದ ಕಿವಿಗೆ ‘ತಾಳೆ’ ನೆನಪಾಗುವುದು. ಅರ್ಥವೂ ಹೆಚ್ಚುಕಡಮೆ ಅದೇ. ಗಿರಣಿಗಳಿಗೆ ಬಿಡಿಭಾಗಗಳನ್ನು ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಒಗ್ಗುವ ತಂತ್ರಾಂಶ ದೊರೆಯದೆ ಮಗ ಭರತ್ ಗೋಯೆಂಕಾರಿಂದಲೇ ಒಂದನ್ನು ಬರೆಯಿಸಿದರು. 1986ರಲ್ಲಿ ಆರಂಭವಾದ ಆ ಸಂಸ್ಥೆಯ ನೆಲೆ ಇಂದು ಬೆಂಗಳೂರು. 2009ರಲ್ಲಿ ಬಂದ ‘ಇ.ಆರ್.ಪಿ. 9’ ರಾಯರ ಬೆರಳಿಗೆ ಊಟದಷ್ಟೇ ರೂಢಿ. 2020ರ ನವೆಂಬರಿನಲ್ಲಿ ‘ಪ್ರೈಮ್’ ಬಂದಾಗ ಅವರು ಅತ್ತ ತಿರುಗಿಯೂ ನೋಡಿರಲಿಲ್ಲ.

ಪರೀಕ್ಷೆಯನ್ನು ಮಾತ್ರ ಅವರು ಶ್ರದ್ಧೆಯಿಂದಲೇ ನಡೆಸಿದರು. ಹಿಂದಿನ ವರ್ಷದ ಲೆಕ್ಕದ ಪ್ರತಿಯೊಂದನ್ನು ಬೇರೆ ಯಂತ್ರಕ್ಕೆ ಹಾಕಿಸಿ, ಎರಡೂ ಆವೃತ್ತಿಗಳ ತಾಳೆಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಪೈಸೆಯವರೆಗೆ ನೋಡಿದರು. ಸರಿಹೋಯಿತು. ಎಫ್ 8 ಒತ್ತಿದರೆ ಮಾರಾಟ, ಎಫ್ 9 ಒತ್ತಿದರೆ ಖರೀದಿ, ಅದರಲ್ಲಿ ಬದಲಿಲ್ಲ. ಆದರೆ ಗಿರಾಕಿ ಸೀರೆ ಹಿಂದಿರುಗಿಸಿದಾಗ ಬರೆಯುವ ಕ್ರೆಡಿಟ್ ನೋಟಿಗೆ ಕಂಟ್ರೋಲ್ ಹಿಡಿದು ಎಫ್ 8 ಒತ್ತುತ್ತಿದ್ದ ಕೈ ಈಗ ಆಲ್ಟ್ ಹಿಡಿದು ಎಫ್ 6 ಒತ್ತಬೇಕು. ಇಷ್ಟಕ್ಕೇ ಮುನಿಸೇ ಎಂದು ಓದುಗರು ನಗಬಾರದು. ಅಡಿಗೆಮನೆಯಲ್ಲಿ ಉಪ್ಪಿನ ಭರಣಿಯ ಜಾಗವನ್ನು ಬದಲಿಸಿ ನೋಡಿದವರಿಗೆ ಈ ಸಂಕಟ ತಿಳಿದೀತು. ಇತ್ತ, ಬಿಲ್ಲು ಬರೆಯುತ್ತಿರುವಾಗಲೇ ಫೋನಿನಲ್ಲಿ ಯಾರಾದರೂ ಬಾಕಿ ಕೇಳಿದರೆ, ಬರೆಯುತ್ತಿದ್ದುದನ್ನು ಹಾಗೆಯೇ ಬಿಟ್ಟು ಖಾತೆ ತೆರೆದು ನೋಡಿ ಮರಳಬಹುದೆಂಬುದನ್ನು ರಾಯರೂ ಮೆಚ್ಚಿದರು.

ನಿಜವಾದ ತೊಡಕು ಬೇರೆ ಇತ್ತು. ಹೊಸ ಆವೃತ್ತಿಯಲ್ಲಿ ಎರಡು ಬಗೆ. ಒಂದರಲ್ಲಿ ತಿದ್ದುಪಡಿಯ ದಾಖಲೆಯನ್ನು ಬೇಕೆಂದರೆ ಇಡಬಹುದು, ಬೇಡವೆಂದರೆ ನಿಲ್ಲಿಸಬಹುದು. ಮತ್ತೊಂದರಲ್ಲಿ ಅದನ್ನು ನಿಲ್ಲಿಸಲು ಬರುವುದೇ ಇಲ್ಲ. ಯಾರು, ಎಂದು, ಯಾವ ಅಂಕಿಯನ್ನು ಬದಲಿಸಿದರೆಂಬುದು ಉಳಿದೇ ತೀರುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಇಂಥ ದಾಖಲೆಯನ್ನು ಕಾನೂನು ಕಡ್ಡಾಯ ಮಾಡಿದೆ. ಈ ಅಂಗಡಿಯಾದರೋ ಪಾಲುದಾರಿಕೆಯದು. ಆ ಕಟ್ಟು ಇದಕ್ಕಿಲ್ಲ.

ರಾಯರು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಿರ್ದಿಯನ್ನು ಮಸಿಯಲ್ಲಿ ಬರೆಯುತ್ತಿದ್ದರು. ತಪ್ಪಾದರೆ ಕೆರೆಯಕೂಡದು, ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು ರುಜು ಹಾಕಬೇಕು. ಗಣಕಯಂತ್ರ ಬಂದ ಮೇಲೆ ಈ ಅಂಗಡಿಯಲ್ಲಿ ಆ ಗೆರೆ ಮಾಯವಾಯಿತು. ತಪ್ಪು ಮಾಡಿದವನ ನಾಚಿಕೆಯೂ ಅದರೊಡನೆ ಹೋಯಿತು. ಹಿರಿಯ ಧಣಿಗಳು ಬದುಕಿದ್ದಾಗ ಮಾರ್ಚ್ ಕೊನೆಯಲ್ಲಿ ಒಮ್ಮೊಮ್ಮೆ ಬಂದು, “ರಾಯರೇ, ಆ ನಾಲ್ಕು ಬಿಲ್ಲಿನ ತಾರೀಖು ಸ್ವಲ್ಪ ಮುಂದಕ್ಕೆ ಹಾಕಿಬಿಡಿ” ಎನ್ನುವರು. ಉಪ್ಪುಂಡ ಮನೆ, ರಾಯರು ಹಾಕುವರು. ಆ ರಾತ್ರಿ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ತಿಂಗಳು ಕಳೆದ ಮೇಲೆ ಚಿಕ್ಕ ಧಣಿಗಳು, “ಹೇಗಿದೆ ರಾಯರೇ, ಕೊಳ್ಳೋಣವೆ?” ಎಂದರು.

“ಕೊಳ್ಳಿ, ಧಣಿ. ಆದರೆ ಅಳಿಸಲು ಬಾರದ್ದನ್ನೇ ಕೊಳ್ಳಿ.”

“ನಮಗೆ ಅದು ಕಡ್ಡಾಯವಲ್ಲವಂತಲ್ಲ?”

“ಅಲ್ಲ. ಆದರೂ, ಇನ್ನು ಯಾರಾದರೂ ತಾರೀಖು ಬದಲಿಸಿ ಎಂದರೆ, ಯಂತ್ರ ಒಪ್ಪುವುದಿಲ್ಲವೆಂದು ಹೇಳಲು ನನಗೊಂದು ನೆಪ ಬೇಕು.”

ಚಿಕ್ಕ ಧಣಿಗಳು ಒಂದು ಗಳಿಗೆ ಗೋಡೆಯ ಮೇಲಿನ ತಂದೆಯ ಭಾವಚಿತ್ರವನ್ನು ನೋಡಿದರು. “ಆಗಲಿ” ಎಂದರು.

ಹೊಸ ಲೆಕ್ಕದಲ್ಲಿ ಮೊದಲ ತಿದ್ದುಪಡಿ ದಾಖಲಾದುದು ರಾಯರ ಹೆಸರಿನಲ್ಲಿಯೇ. ರವಿಕೆ ಕಣದ ಬೆಲೆಗೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದಿತ್ತು.