ಫೋನಿನಲ್ಲಿ ಕೇಳಿದ ಹಿಸಾಬು

2020ರ ರಂಜಾನ್ ನಮಗೆ ಲಾಕ್‌ಡೌನಿನಲ್ಲಿ ಬಂತು. ನವಲಗುಂದದ ನಮ್ಮ ಓಣಿಯ ಮಸೀದಿ ಮುಚ್ಚಿತ್ತು. ತರಾವೀಹ್ ನಮಾಜನ್ನೂ ಮನೆಯಲ್ಲೇ ಮಾಡಿದೆವು. ಜಮಖಾನ ನೇಯುವ ಮನೆಗಳಲ್ಲಿ ಮಾರಾಟವಿಲ್ಲ, ಉಳಿದವರಿಗೆ ಕೂಲಿಯಿಲ್ಲ. ಜಮಾತಿನವರು ಚಂದಾ ಎತ್ತಿ ಅಕ್ಕಿ, ಬೇಳೆ, ಎಣ್ಣೆ ಹಂಚಿದರು. ಲೆಕ್ಕ ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಕತೆ ಬರೆಯುವವರಿಗೆ ಲೆಕ್ಕವೂ ಬರುತ್ತದೆಂದು ಅವರು ಹೇಗೆ ನಂಬಿದರೋ! ಜುಮ್ಮಾ ನಮಾಜಿನ ನಂತರ ಚಂದಾದ ಲೆಕ್ಕ ಓದಿ ಹೇಳುವುದು ರೂಢಿ. ಈಗ ಜನ ಸೇರುವಂತಿಲ್ಲ. ಈದ್ ಮುಗಿದ ಮೇಲೆ ಓದಿದರಾಯಿತು ಎಂದುಕೊಂಡೆವು.

ಶುಕ್ರವಾರ ಮಧ್ಯಾಹ್ನ ಓಣಿಯ ಹಿರಿಯ ಚಾಚಾ ಫೋನ್ ಮಾಡಿದರು. "ಬೇಟಾ, ಮಸೂತಿಗೆ ಕೀಲಿ ಹಾಕ್ಯಾರ, ಹಿಸಾಬಿಗೆ ಹಾಕಿಲ್ಲ. ಓದು."

ಓದಿದೆವು. ಎಣ್ಣೆ ಪಾಕೀಟಿನ ದರವನ್ನು ಎರಡು ಸಲ ಕೇಳಿದರು. ಕೂಡಿಸುವಾಗ ನಾವು ಒಂದು ಕಡೆ ತಪ್ಪಿದ್ದೆವು. ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂತು. ಮುಂದಿನ ಶುಕ್ರವಾರದಿಂದ ನಾಲ್ಕಾರು ಜನರನ್ನು ಒಂದೇ ಕರೆಯಲ್ಲಿ ಸೇರಿಸಿ ಓದತೊಡಗಿದೆವು.

ಅದೇ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಒಂದು ಸುದ್ದಿ ಬಂತು. ನೆರೆಯ ಗದಗಿನ ಶಾಸಕ ಎಚ್.ಕೆ. ಪಾಟೀಲರು ಅಧ್ಯಕ್ಷರಾಗಿದ್ದ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಕೊರೊನಾ ಉಪಕರಣಗಳ ಖರೀದಿಯ ಬಗ್ಗೆ ಬಂದ ದೂರುಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಲು ಹೊರಟಿತ್ತು. ಸೋಂಕಿನ ಕಾರಣ ಹೇಳಿ ವಿಧಾನಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಸಮಿತಿಗಳ ಸ್ಥಳ ಪರಿಶೀಲನೆಯನ್ನು ತಡೆದರು. ಪಾಟೀಲರು ಪ್ರತಿಭಟಿಸಿದರು. ಸೋಂಕಿನ ಭಯ ಸುಳ್ಳಲ್ಲ, ನಮ್ಮ ಓಣಿಯಲ್ಲೂ ಇತ್ತು. ಆದರೆ ಖರೀದಿಯೇನೂ ನಿಂತಿರಲಿಲ್ಲವಲ್ಲ.

ಬ್ರಿಟನ್ನಿನ ಸಂಸತ್ತು ಆ ಏಪ್ರಿಲ್‌ನಲ್ಲೇ ಮಂತ್ರಿಗಳನ್ನು ವಿಡಿಯೋ ಮೂಲಕ ಪ್ರಶ್ನಿಸತೊಡಗಿತ್ತು. ಇಲ್ಲಿಯೂ ಪ್ರಧಾನಿ ಮುಖ್ಯಮಂತ್ರಿಗಳೊಡನೆ, ಮುಖ್ಯಮಂತ್ರಿ ಜಿಲ್ಲಾಧಿಕಾರಿಗಳೊಡನೆ ವಿಡಿಯೋದಲ್ಲೇ ಮಾತಾಡುತ್ತಿದ್ದರು. ಸಂಸತ್ತಿನ ಸಮಿತಿಗಳು ಹಾಗೆ ಸೇರುತ್ತೇವೆಂದಾಗ ಮಾತ್ರ ಗೌಪ್ಯತೆಯ ನಿಯಮ ಅಡ್ಡ ಬಂತು. ಸೆಪ್ಟೆಂಬರಿನಲ್ಲಿ ಸಂಸತ್ತು ಸೇರಿದಾಗ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಇತ್ತ ಗ್ರಾಮ ಪಂಚಾಯಿತಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದರು, ಚುನಾವಣೆ ಡಿಸೆಂಬರಿಗೆ ಹೋಯಿತು. ಕುಂದಗೋಳ, ಕಲಘಟಗಿಯ ಹಳ್ಳಿಯವರು ಅಲ್ಲಿಯವರೆಗೆ ಯಾರ ಬಾಗಿಲಿಗೆ ಹೋಗಿ ಲೆಕ್ಕ ಕೇಳಬೇಕಿತ್ತು?

ಫೋನಿನಲ್ಲಿ ಎಲ್ಲವೂ ತಿಳಿಯುತ್ತದೆಂದು ನಾವು ಹೇಳುವುದಿಲ್ಲ. ದರ ತಿಳಿಯುತ್ತದೆ, ತೂಕ ತಿಳಿಯುವುದಿಲ್ಲ. ಚಾಚಾ ಅದನ್ನೂ ಬಿಡಲಿಲ್ಲ. ಈದ್‌ನ ಹಿಂದಿನ ದಿನ ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದು, ದಾಸ್ತಾನಿಟ್ಟ ಮನೆಯ ಕಟ್ಟೆಯ ತುದಿಯಲ್ಲಿ ದೂರ ಕುಳಿತು, ಒಂದು ಅಕ್ಕಿ ಚೀಲ ತೂಗಿಸಿದರು. ಕಾಲು ಕಿಲೋ ಕಡಿಮೆ ಬಂತು.

"ಬರಕೋ," ಎಂದರು.