ಕೊನೆಯವರ ವೇಗ

ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದು ಕರೆಯುತ್ತಿದ್ದರು. ಕಾಲೇಜಿನ ವಿದ್ಯಾರ್ಥಿಗಳು, ಕಚೇರಿಯ ಗುಮಾಸ್ತರು, ಪಾಳಿ ಮುಗಿಸಿ ಮನೆಗೆ ಹೊರಟ ಕಾರ್ಮಿಕರು ಎಲ್ಲರೂ ಸೈಕಲ್ಲನ್ನೇ ನೆಚ್ಚಿದ್ದ ದಿನಗಳವು. ಅನಂತರ ಆಕುರ್ಡಿಯ ಕಾರ್ಖಾನೆಯಿಂದ ಬಜಾಜ್ ಸ್ಕೂಟರುಗಳು ಹೊರಬಿದ್ದವು. 1972ರಲ್ಲಿ ಕೈನೆಟಿಕ್ ಕಂಪನಿಯ ಲೂನಾ ಬಂದಿತು. ಸೈಕಲ್ಲನ್ನು ರಸ್ತೆಯ ಅಂಚಿಗೆ ತಳ್ಳಿದ ವಾಹನಗಳು ಈ ಊರಿನ ಕಂಪನಿಗಳದ್ದೇ ಎಂಬುದು ವಿಚಿತ್ರವಾದರೂ ನಿಜ. ಇಂದು ಹಳೆಯ ಸೈಕಲ್ಲುಗಳನ್ನು ಕಾಣಬೇಕಾದರೆ ಕರ್ವೆನಗರದ ವಿಕ್ರಮ್ ಪೆಂಡ್ಸೆ ಸಂಗ್ರಹಾಲಯಕ್ಕೆ ಹೋಗಬೇಕು. ಹೊಸ ಸೈಕಲ್ಲುಗಳನ್ನು ಕಾಣಬೇಕಾದರೆ ಭಾನುವಾರ ನಸುಕಿನಲ್ಲಿ ಸಿಂಹಗಡದ ರಸ್ತೆಗೆ ಬಂದರೆ ಸಾಕು.

ಆ ಗುಂಪುಗಳಲ್ಲಿ ಕನ್ನಡಿಗರ ನಮ್ಮ ಸಣ್ಣ ಬಳಗವೂ ಒಂದು. ಧಾರವಾಡ, ಕಲಬುರಗಿ, ಉಡುಪಿ, ಮೈಸೂರು ಹೀಗೆ ನಾಲ್ಕು ದಿಕ್ಕಿನಿಂದ ಹೊಟ್ಟೆಪಾಡಿಗೆಂದು ಬಂದು ಇಲ್ಲಿ ನೆಲೆ ನಿಂತವರು ನಾವು. ಸಾಲಾಗಿ ಸಾಗುವಾಗ ಮುಂದಿನವರು ರಸ್ತೆಯ ಅಪಾಯವನ್ನು ಕೂಗಿ ಹೇಳಬೇಕೆಂಬುದು ಎಲ್ಲ ಸೈಕಲ್ ಸಂಘಗಳ ಮೊದಲ ಪಾಠ. ನಮ್ಮಲ್ಲಿ ಆರಂಭದ ವಾರಗಳಲ್ಲಿ ಮೈಸೂರಿನವರು 'ಗುಂಡಿ' ಎಂದರು, ಕರಾವಳಿಯವರು 'ಹೊಂಡ' ಎಂದರು, ಧಾರವಾಡದವರು 'ತಗ್ಗು' ಎಂದರು. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು 'ಖಡ್ಡಾ' ಎಂದರು. ಚಕ್ರಕ್ಕೂ ತಗ್ಗಿಗೂ ನಡುವೆ ಒಂದು ಕ್ಷಣದ ಅಂತರವಿರುವಾಗ ನಾಲ್ಕು ಪದಗಳಿಗೆ ಎಡೆಯಿಲ್ಲ. ದೀರ್ಘ ಚರ್ಚೆಯ ಬಳಿಕ 'ತಗ್ಗು' ಗೆದ್ದಿತು. ಪ್ರಾದೇಶಿಕ ಭೇದಗಳನ್ನು ಇಷ್ಟು ಬೇಗ ಬಗೆಹರಿಸಿದ ಕನ್ನಡ ಸಭೆ ಬೇರೊಂದಿರಲಾರದೆಂದು ನಾವು ಇಂದಿಗೂ ನಗುತ್ತೇವೆ.

ಗುಂಪಿನಲ್ಲಿ ಸಾಗುವುದರ ಲಾಭ ಗಾಳಿಗೆ ಸಂಬಂಧಿಸಿದ್ದು. ಮುಂದಿರುವವರು ಗಾಳಿಯನ್ನು ಸೀಳುತ್ತಾರೆ. ಅವರ ಬೆನ್ನಿಗೆ ಅಂಟಿಕೊಂಡಂತೆ ಬರುವವರಿಗೆ ಶ್ರಮ ಎಷ್ಟೋ ಕಡಿಮೆಯಾಗುತ್ತದೆ. ಆದ್ದರಿಂದ ಮುಂದಾಳುತನವನ್ನು ಸರದಿಯಂತೆ ಹೊರುತ್ತೇವೆ. ದಣಿದವರು ಬದಿಗೆ ಸರಿದು ಹಿಂದಕ್ಕೆ ಬರುತ್ತಾರೆ. ಇನ್ನೊಂದು ಹೊಣೆ ಅದಕ್ಕಿಂತ ಹಿರಿದು. ಎಲ್ಲರಿಗಿಂತ ಹಿಂದೆ ಒಬ್ಬ ಬಲಶಾಲಿ ಇರಬೇಕು, ಅವನು ಯಾರನ್ನೂ ದಾಟಬಾರದು. ಅವನಿಗೆ ನಾವು 'ಬೆಂಗಾವಲು' ಎಂದು ಹೆಸರಿಟ್ಟಿದ್ದೇವೆ. ಸಮತಟ್ಟಿನಲ್ಲಿ ಈ ನಿಯಮ ಸುಲಭ. ಸಿಂಹಗಡದ ಘಾಟಿಯಲ್ಲಿ ಕಠಿಣ. ಸುಮಾರು 1,300 ಮೀಟರ್ ಎತ್ತರದ ಆ ಕೋಟೆಯ ಕಡೆಗೆ ಏರುವಾಗ ಗಾಳಿಯ ಲಾಭ ಉಳಿಯದು. ಪ್ರತಿಯೊಬ್ಬರೂ ತಮ್ಮ ಭಾರವನ್ನು ತಾವೇ ಹೊರಬೇಕು. ಮೇಲೆ ಪಿಠಲೆ, ಭಾಕರಿ, ಮಣ್ಣಿನ ಕುಡಿಕೆಯ ಮೊಸರು ಕಾದಿರುವಾಗ ಹಿಂದಿರುವವರಿಗಾಗಿ ನಿಲ್ಲುವುದು ಸಣ್ಣ ತಪಸ್ಸಲ್ಲ.

ನಮ್ಮಲ್ಲಿ ಕೆಲವು ಯುವಕರು ಬ್ರೆವೆ ಎಂಬ ದೂರದ ಸವಾರಿಗಳಲ್ಲಿ ಪಳಗಿದವರು. ಅಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಗಡುವು. ಈ ನಾಲ್ಕನ್ನೂ ಒಂದೇ ವರ್ಷದಲ್ಲಿ ಮುಗಿಸಿದವರಿಗೆ ಸೂಪರ್ ರಾಂಡನ್ಯೂರ್ ಎಂಬ ಬಿರುದು. ಅದು ಸ್ಪರ್ಧೆಯಲ್ಲ, ಆದರೂ ಗಡಿಯಾರ ಜೊತೆಗೇ ಓಡುತ್ತಿರುತ್ತದೆ. ಅಂಥವರಿಗೂ ಉಳಿದವರಿಗೂ ನಡುವೆ ಒಮ್ಮೆ ನಿಜವಾದ ಭಿನ್ನಾಭಿಪ್ರಾಯ ಹುಟ್ಟಿತು. ಕಲಬುರಗಿ ಜಿಲ್ಲೆಯವರಾದ ನಮ್ಮ ಹಿರಿಯ ಮಿತ್ರರೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು. ಎರಡು ವರ್ಷಗಳ ಬಳಿಕ ವೈದ್ಯರು ನಿಧಾನದ ಸವಾರಿಗೆ ಒಪ್ಪಿಗೆಯಿತ್ತರು. ಪುಣೆಯಿಂದ ಗಾಣಗಾಪುರಕ್ಕೆ ಸೈಕಲ್ಲಿನಲ್ಲಿ ಹೋಗಬೇಕೆಂಬುದು ಅವರ ಬಹುದಿನದ ಆಸೆ. ಎರಡು ದಿನಗಳ ದಾರಿಯೆಂದರು ಯುವಕರು. ಐದು ದಿನ ಬೇಕೆಂದರು ಹಿರಿಯರು. ಎರಡು ಗುಂಪುಗಳಾಗಿ ಹೊರಟು ಅಲ್ಲಿ ಕೂಡಿಕೊಳ್ಳೋಣ ಎಂಬ ಸಲಹೆಯೂ ಬಂದಿತು. ಕೇಳಲು ಅದು ಸಮಂಜಸವೇ. ಆದರೆ ಬೇರೆ ಬೇರೆ ಹೊರಟು ಒಂದೆಡೆ ಸೇರುವುದಕ್ಕೆ ಬಳಗವೇಕೆ ಎಂಬ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ಕೊನೆಗೆ ಐದು ದಿನಗಳೆಂದೇ ನಿಶ್ಚಯವಾಯಿತು.

ಡಿಸೆಂಬರಿನ ಚಳಿಯಲ್ಲಿ ಹಡಪ್ಸರ್ ದಾಟಿ ಸೊಲ್ಲಾಪುರದ ಹೆದ್ದಾರಿ ಹಿಡಿದೆವು. ಮೂಡಣ ಗಾಳಿ ಎದುರಿಗಿತ್ತು. ಹಿರಿಯರನ್ನು ಸಾಲಿನ ನಡುವೆ ಇರಿಸಿ ಯುವಕರು ಸರದಿಯಂತೆ ಗಾಳಿಗೆ ಎದೆಯೊಡ್ಡಿದರು. ಭಿಗವಣದ ಬಳಿ 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯದ ಹಿನ್ನೀರು ಕಾಣುತ್ತದೆ. ಚಳಿಗಾಲದಲ್ಲಿ ರಾಜಹಂಸಗಳು ಬರುವ ತಾಣವದು. ಅವಸರದ ಸವಾರಿಯಲ್ಲಿ ಅದನ್ನು ಹಲವು ಬಾರಿ ದಾಟಿದ್ದ ಯುವಕನೊಬ್ಬ ಅಂದು ಮೊದಲ ಬಾರಿಗೆ ಇಳಿದು ನೋಡಿದ. ಪುಣೆಯ ಮುಳಾ, ಮುಠಾ ನದಿಗಳು ಕೂಡಿ ಭೀಮೆಯನ್ನು ಸೇರಿ ಇಲ್ಲಿಗೆ ಬರುತ್ತವೆ. ಮುಂದೆ ಪಂಢರಪುರವನ್ನು ಬಳಸಿ ಕರ್ನಾಟಕಕ್ಕೆ ಹರಿದು, ಗಾಣಗಾಪುರದಲ್ಲಿ ಅಮರ್ಜಾ ನದಿಯನ್ನು ಕೂಡಿಕೊಳ್ಳುತ್ತವೆ. ನಮ್ಮ ಮನೆಯ ನಲ್ಲಿಗಳಿಂದ ಹರಿದುಹೋದ ನೀರು ನಮಗಿಂತ ಮೊದಲೇ ನಮ್ಮ ನಾಡಿಗೆ ಹೋಗುತ್ತಿತ್ತು.

ಪಂಢರಪುರದಲ್ಲಿ ಒಂದು ಇರುಳು ತಂಗಿದೆವು. ಜ್ಞಾನೇಶ್ವರರು 'ಕಾನಡಾ' ಎಂದು ಕರೆದ ವಿಠ್ಠಲನಿಗೆ ಕನ್ನಡದಲ್ಲಿ ಕೈಮುಗಿಯಲು ಯಾವ ಸಂಕೋಚವೂ ಇಲ್ಲ. ಸೊಲ್ಲಾಪುರ ದಾಟಿ ಅಕ್ಕಲಕೋಟೆಯ ದಾರಿಯಲ್ಲಿ ಚಹಾದಂಗಡಿಗಳ ಮಾತು ಮೆಲ್ಲಗೆ ಬದಲಾಗತೊಡಗಿತು. ರಾಜ್ಯದ ಗಡಿ ಇನ್ನೂ ಮುಂದಿದ್ದರೂ ಕನ್ನಡ ಆಗಲೇ ಎದುರುಗೊಂಡಿತ್ತು. 'ಎಲ್ಲಿಂದ ಬಂದ್ರಿ?' ಎಂದು ಅಂಗಡಿಯಾಕೆ ಕೇಳಿದಾಗ ನಮ್ಮ ಜೊತೆಯಲ್ಲಿದ್ದ ಹದಿನಾಲ್ಕರ ಬಾಲಕಿ ಉತ್ತರಿಸಲು ಮುಂದಾದಳು. ಶಾಲೆಯಲ್ಲಿ ಇಂಗ್ಲಿಷ್, ಗೆಳತಿಯರಲ್ಲಿ ಮರಾಠಿ; ಕನ್ನಡ ಅವಳಿಗೆ ಅಜ್ಜಿಯ ದೂರವಾಣಿಯ ಭಾಷೆ. ಪದಕ್ಕಾಗಿ ತಡಕಾಡುತ್ತ, ಕ್ರಿಯಾಪದದ ಬಳಿ ನಿಂತುಬಿಟ್ಟಳು. ಇಂಥ ಸಮಯದಲ್ಲಿ ಹಿರಿಯರು ವಾಕ್ಯವನ್ನು ತಾವೇ ಮುಗಿಸುವುದು ವಾಡಿಕೆ. ಅಂದು ಯಾರೂ ಬಾಯಿ ಹಾಕಲಿಲ್ಲ. ನಾಲ್ಕು ದಿನ ಕಾಯುವುದನ್ನೇ ಅಭ್ಯಾಸ ಮಾಡಿದ್ದ ನಾವು ಆ ವಾಕ್ಯಕ್ಕಾಗಿಯೂ ಕಾದೆವು. ಅವಳು ಅದನ್ನು ಮುಗಿಸಿದಳು. ಅಂಗಡಿಯಾಕೆ ಎರಡನೆಯ ಪ್ರಶ್ನೆಯನ್ನು ಅವಳಿಗೇ ಕೇಳಿದಳು.

ಐದನೆಯ ದಿನ ಮಧ್ಯಾಹ್ನ ದುಧನಿಯ ಆಚೆ ಗಡಿ ದಾಟಿ, ಇಳಿಹೊತ್ತಿಗೆ ಸಂಗಮವನ್ನು ತಲುಪಿದೆವು. ನಮ್ಮ ಹಿರಿಯ ಮಿತ್ರರು ನೀರಿಗಿಳಿದು ಬಹಳ ಹೊತ್ತು ಸುಮ್ಮನೆ ನಿಂತರು. ದತ್ತ ಕ್ಷೇತ್ರವಾದ ಈ ಊರಿನಲ್ಲಿ ಯಾತ್ರಿಕರು ಮನೆ ಮನೆಗೆ ಹೋಗಿ ಮಧುಕರಿ ಬೇಡುತ್ತಾರೆ. ಬೇಡುವವರ ಸಾಲಿನಲ್ಲಿ ಮುಂದು ಹಿಂದು ಎಂಬ ಹೆಮ್ಮೆಗೆ ಅರ್ಥವಿಲ್ಲ. ಮರುದಿನ ನಾವೂ ಆ ಸಾಲಿನಲ್ಲಿ ನಿಂತೆವು.

ವೇಗವಾಗಿ ಹೋಗುವವರಿಗೆ ಹೊರನಾಡಿನಲ್ಲಿ ದಾರಿಗಳು ಬಹಳ. ಅವರಲ್ಲಿ ಹಲವರು ನಮ್ಮ ಹೆಮ್ಮೆಯೂ ಹೌದು. ಆದರೆ ಬಳಗವೆಂಬುದು, ಭಾಷೆಯೆಂಬುದು ಉಳಿಯುವುದು ಹಿಂದುಳಿದವರಿಗಾಗಿ ಯಾರಾದರೂ ಬ್ರೇಕು ಹಿಡಿದಾಗ. ಬರುವ ಭಾನುವಾರ ಸಿಂಹಗಡದ ಸರದಿಯಲ್ಲಿ ಬೆಂಗಾವಲಿನ ಹೊಣೆಯನ್ನು, ಹಿಂದೆ ಎರಡೇ ದಿನ ಸಾಕೆಂದು ವಾದಿಸಿದ್ದ ಯುವಕನೇ ಕೇಳಿ ಪಡೆದಿದ್ದಾನೆ.