ಹನ್ನೆರಡನೆಯ ತರಗತಿಯ ಮನೆಗಳಲ್ಲಿ

ಜನವರಿ ಮುಗಿಯುತ್ತ ಬಂದಂತೆ ದೆಹಲಿಯ ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ ಒಂದು ಬಗೆಯ ರಜೆ ಅರ್ಜಿಗಳು ಹೆಚ್ಚಾಗುತ್ತವೆ. ಮೇಲೆ ‘ಚೈಲ್ಡ್ ಕೇರ್ ಲೀವ್’ ಎಂದಿರುತ್ತದೆ. ಕಾರಣದ ಜಾಗದಲ್ಲಿ ‘ಮಗಳ ಬೋರ್ಡ್ ಪರೀಕ್ಷೆ’ ಅಥವಾ ‘ಮಗನ ಹನ್ನೆರಡನೆಯ ತರಗತಿಯ ಪರೀಕ್ಷೆ’ ಎಂದಿರುತ್ತದೆ. 2008ರಲ್ಲಿ ಮಹಿಳಾ ನೌಕರರಿಗಾಗಿ ಆರಂಭವಾದ ಈ ರಜೆ ಮುಂದೆ ಒಂಟಿ ತಂದೆಯರಿಗೂ ದೊರೆಯಿತು. ಇಡೀ ಸೇವಾವಧಿಯಲ್ಲಿ ಒಟ್ಟು 730 ದಿನ. ಮೂಲ ಆದೇಶದಲ್ಲಿ ಈ ರಜೆ ಯಾವುದಕ್ಕೆ ಎಂದು ಹೇಳುವಾಗ ಮಕ್ಕಳ ಪಾಲನೆಯ ಜೊತೆಗೆ ಎರಡು ಉದಾಹರಣೆಗಳನ್ನು ಕೊಟ್ಟಿದ್ದಾರೆ: ಪರೀಕ್ಷೆ, ಕಾಯಿಲೆ. ಆದೇಶ ಬರೆದ ಅಧಿಕಾರಿ ಬೇರೇನನ್ನೂ ಉದ್ದೇಶಿಸಿರಲಾರರು. ಆದರೂ ಪರೀಕ್ಷೆಯನ್ನೂ ಕಾಯಿಲೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಸಾಲನ್ನು ಓದಿದಾಗಲೆಲ್ಲ ನಮ್ಮ ಮನೆಗಳ ಸ್ಥಿತಿಯನ್ನು ಅದು ಬಲ್ಲದು ಎನಿಸುತ್ತದೆ.

ನಾವು ಎಂದರೆ ಇಲ್ಲಿ ದೆಹಲಿಯ ಸರ್ಕಾರಿ ವಸತಿಗಳಲ್ಲಿ ಬಾಳುವ ಕನ್ನಡದ ಕೆಲವು ಕುಟುಂಬಗಳು. ವರ್ಗಾವಣೆ ನಮ್ಮ ಬದುಕಿನ ಲಯ. ಚೆನ್ನೈ, ಪುಣೆ, ಗುವಾಹಟಿ, ಮತ್ತೆ ದೆಹಲಿ. ಮಕ್ಕಳು ಬಹುಮಟ್ಟಿಗೆ ಕೇಂದ್ರೀಯ ವಿದ್ಯಾಲಯಗಳಲ್ಲಿ ಓದುವವರು. 1963ರಲ್ಲಿ ಈ ಶಾಲೆಗಳು ಹುಟ್ಟಿದ್ದೇ ನಮ್ಮಂಥ ಅಲೆಮಾರಿ ನೌಕರರ ಮಕ್ಕಳಿಗಾಗಿ. ಊರು ಬದಲಾದರೂ ಪಠ್ಯಪುಸ್ತಕ ಬದಲಾಗುವುದಿಲ್ಲ, ಅದೊಂದು ನೆಮ್ಮದಿ. ಬದಲಾಗುವುದು ಗೆಳೆಯರು, ಬೀದಿ, ಆಡುಮಾತು. ಹನ್ನೊಂದನೆಯ ತರಗತಿಯ ನಡುವೆ ಇವೆಲ್ಲವನ್ನೂ ಬಿಟ್ಟುಬಂದ ಮಗುವಿಗೆ ಪುಸ್ತಕವೊಂದು ಅದೇ ಆಗಿದ್ದರೆ ಎಷ್ಟು ಸಮಾಧಾನವಾದೀತು?

ಈ ಮಕ್ಕಳ ಹನ್ನೆರಡನೆಯ ತರಗತಿಯ ಪಂಚಾಂಗವನ್ನೊಮ್ಮೆ ನೋಡಬೇಕು. ಜನವರಿಯಲ್ಲಿ ಜೆಇಇ ಮೇನ್ಸ್‌ನ ಮೊದಲ ಸುತ್ತು, ಅದರ ಹಿಂದುಮುಂದೆ ಶಾಲೆಯ ಪ್ರೀ-ಬೋರ್ಡ್. ಫೆಬ್ರವರಿಯ ನಡುವಿನಿಂದ ಬೋರ್ಡ್ ಪರೀಕ್ಷೆ. ಏಪ್ರಿಲ್‌ನಲ್ಲಿ ಮೇನ್ಸ್‌ನ ಎರಡನೆಯ ಸುತ್ತು. ಮೇ ತಿಂಗಳಲ್ಲಿ ನೀಟ್, ಜೆಇಇ ಅಡ್ವಾನ್ಸ್ಡ್, ಮತ್ತು 2022ರಿಂದ ಈಚೆಗೆ ಸಿಯುಇಟಿ. ಐದು ತಿಂಗಳು ಒಂದರ ಬೆನ್ನಿಗೆ ಒಂದು. ನಮ್ಮಲ್ಲಿ ಹೆಚ್ಚಿನವರು ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ಪಿಯುಸಿ ಮುಗಿಸಿದವರು. 1994ರಲ್ಲಿ ಸಿಇಟಿ ಬಂದಿತ್ತು, ಹೆದರಿಕೆಯೂ ಇತ್ತು. ಆದರೆ ಹೆದರಿಕೆಗೆ ಒಂದು ಋತುವಿತ್ತು; ಅದು ಬೇಸಿಗೆಯೊಂದಿಗೆ ಬಂದು ಮುಂಗಾರಿನೊಂದಿಗೆ ಹೋಗುತ್ತಿತ್ತು. ಈಗ ಎಂಟನೆಯ ತರಗತಿಯಿಂದಲೇ ‘ಫೌಂಡೇಶನ್ ಕೋರ್ಸ್’ ಎಂಬ ಹೆಸರಿನಲ್ಲಿ ಅದು ಮನೆಯೊಳಗೆ ಬಂದು ಕೂರುತ್ತದೆ. ಹೆಸರು ಒಂದು ಶಾಲೆಯಲ್ಲಿ, ಓದು ಇನ್ನೊಂದು ಕೋಚಿಂಗ್ ಕೇಂದ್ರದಲ್ಲಿ ಎಂಬ ‘ಡಮ್ಮಿ’ ಪದ್ಧತಿಯೂ ನಮ್ಮ ನಗರಕ್ಕೆ ಹೊಸದಲ್ಲ. ಅಂಥ ಮಕ್ಕಳಿಗೆ ಆಟದ ಪೀರಿಯಡ್ ಇಲ್ಲ, ವಾರ್ಷಿಕೋತ್ಸವ ಇಲ್ಲ, ಜಗಳವಾಡಿ ರಾಜಿಯಾಗಲು ಪಕ್ಕದ ಬೆಂಚಿನವನೂ ಇಲ್ಲ.

‘ಚೆನ್ನಾಗಿ ಓದಿದರೆ ಎಲ್ಲವೂ ಸಿಗುತ್ತದೆ’ ಎಂಬ ಮಾತನ್ನು ನಾವೆಲ್ಲರೂ ಕೇಳಿ ಬೆಳೆದವರು. ಲೆಕ್ಕ ಮಾತ್ರ ಬೇರೆ ಹೇಳುತ್ತದೆ. 2024ರಲ್ಲಿ ಜೆಇಇ ಮೇನ್ಸ್ ಬರೆದವರು ಸುಮಾರು 14 ಲಕ್ಷ. ದೇಶದ ಎಲ್ಲ ಐಐಟಿಗಳ ಸೀಟುಗಳು ಒಟ್ಟು 17,740. ಅದೇ ವರ್ಷ ನೀಟ್‌ಗೆ ನೋಂದಾಯಿಸಿದವರು 24 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲೆ, ಅವುಗಳಲ್ಲಿ ಸರ್ಕಾರಿ ಕಾಲೇಜುಗಳ ಪಾಲು ಹೆಚ್ಚುಕಡಿಮೆ ಅರ್ಧ. ಎಲ್ಲ ಮಕ್ಕಳೂ ದಿನಕ್ಕೆ ಹದಿನಾರು ಗಂಟೆ ಓದಿದರೂ ಸೀಟು ಒಂದೂ ಹೆಚ್ಚುವುದಿಲ್ಲ. ಸಾಲಿನಲ್ಲಿ ನಿಂತವರು ಎಲ್ಲರೂ ತುದಿಗಾಲಿನಲ್ಲಿ ನಿಂತರೆ ಯಾರಿಗೂ ಮುಂದಿನದು ಹೆಚ್ಚು ಕಾಣುವುದಿಲ್ಲ, ಎಲ್ಲರ ಕಾಲೂ ನೋಯುತ್ತದೆ. ಇಂಜಿನಿಯರಿಂಗ್ ಬೇಡ ಎಂದವರಿಗೂ ಬಿಡುಗಡೆಯಿರಲಿಲ್ಲ: 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಕೆಲವು ವಿಷಯಗಳಿಗೆ ಕಟಾಫ್ ನೂರಕ್ಕೆ ನೂರು ಮುಟ್ಟಿತ್ತು. ಸೋಲು ಬಹುಪಾಲು ಮಕ್ಕಳಿಗೆ ಈ ಏರ್ಪಾಡಿನಲ್ಲೇ ಕಟ್ಟಿಟ್ಟದ್ದು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳುವವರು ಕಡಿಮೆ. ಆದ್ದರಿಂದ ಪ್ರತಿಯೊಂದು ಮಗುವೂ ಅದನ್ನು ತನ್ನೊಬ್ಬನದೇ ಕೊರತೆಯೆಂದು ಭಾವಿಸುತ್ತದೆ.

2022ರ ಮೊದಲ ಮೂರು ತಿಂಗಳಲ್ಲಿ ಎನ್‌ಸಿಇಆರ್‌ಟಿ ದೇಶದಾದ್ಯಂತ ಆರರಿಂದ ಹನ್ನೆರಡನೆಯ ತರಗತಿಯವರೆಗಿನ 3.79 ಲಕ್ಷ ವಿದ್ಯಾರ್ಥಿಗಳನ್ನು ಮಾತನಾಡಿಸಿತು. ಓದು, ಪರೀಕ್ಷೆ, ಫಲಿತಾಂಶ ತಮ್ಮ ಆತಂಕಕ್ಕೆ ಕಾರಣ ಎಂದವರು ನೂರಕ್ಕೆ 81. ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ ಅದೇ ವರ್ಷ ದೇಶದಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡ ವಿದ್ಯಾರ್ಥಿಗಳು 13,044. ಇವರೆಲ್ಲರಿಗೂ ಪರೀಕ್ಷೆಯೊಂದೇ ಕಾರಣವಾಗಿರಲಿಲ್ಲ. ಇಂಥ ಸಾವಿಗೆ ಒಂದೇ ಕಾರಣವಿರುವುದು ಅಪರೂಪ. ಆದರೂ ಆ ಅಂಕಿಯನ್ನು ಓದಿದ ಮೇಲೆ ‘ನಮ್ಮ ಮನೆಯಲ್ಲಿ ಹಾಗಾಗುವುದಿಲ್ಲ’ ಎಂದು ಧೈರ್ಯವಾಗಿ ಹೇಳುವ ತಂದೆತಾಯಿ ನಮ್ಮ ಬಳಗದಲ್ಲಿ ಯಾರೂ ಇಲ್ಲ.

ಇಲ್ಲಿ ಹೊರನಾಡ ಕನ್ನಡಿಗರ ಒಂದು ವಿಶೇಷ ತೊಡಕಿದೆ. ನಮ್ಮ ಮಕ್ಕಳಿಗೆ ಕನ್ನಡ ಬರುತ್ತದೆ, ಆದರೆ ಅದು ಅಡುಗೆಮನೆಯ ಕನ್ನಡ. ಊಟ ಆಯ್ತಾ, ಸ್ನಾನ ಮಾಡು, ಓದಿದ್ಯಾ, ಮಲಗು. ಬೀದಿಯ ಹಿಂದಿಯಲ್ಲಿ ಗೆಳೆತನ, ಶಾಲೆಯ ಇಂಗ್ಲಿಷಿನಲ್ಲಿ ವಿದ್ಯೆ. ಎದೆಯೊಳಗಿನದನ್ನು ಹೇಳಬೇಕಾದಾಗ ಅವರು ‘ಟೆನ್ಷನ್’, ‘ಸ್ಟ್ರೆಸ್’ ಎನ್ನುತ್ತಾರೆ. ಈ ಪದಗಳು ತೀರಾ ಸವೆದುಹೋಗಿವೆ. ಬಸ್ಸು ತಡವಾದರೂ ಟೆನ್ಷನ್, ಬದುಕು ಬೇಡವೆನಿಸಿದರೂ ಟೆನ್ಷನ್. ಇಂಗ್ಲಿಷ್ ಎಂ.ಎ. ಮಾಡಿ ಆ ಭಾಷೆಯ ಋಣದಲ್ಲೇ ಅನ್ನ ತಿನ್ನುವ ನಮಗೂ ಈ ಪದಗಳಿಂದ ಮಗುವಿನ ಮನಸ್ಸು ತಿಳಿಯುವುದಿಲ್ಲ. ಕನ್ನಡದಲ್ಲಿಯಾದರೋ ಬೇಸರ ಬೇರೆ, ತಳಮಳ ಬೇರೆ, ಸಂಕಟ ಬೇರೆ, ದಿಗಿಲು ಬೇರೆ, ಜಿಗುಪ್ಸೆ ಬೇರೆ. ಬೇಸರಕ್ಕೆ ಒಂದು ಸಂಜೆಯ ತಿರುಗಾಟ ಸಾಕು. ಜಿಗುಪ್ಸೆಗೆ ವೈದ್ಯರು ಬೇಕಾದೀತು. ಈ ವ್ಯತ್ಯಾಸಗಳನ್ನು ಹೇಳುವ ಮಾತುಗಳನ್ನು ಮಕ್ಕಳಿಗೆ ದಾಟಿಸುವುದು ಬರಿಯ ಭಾಷಾಭಿಮಾನದ ಕೆಲಸವಲ್ಲ.

ಆ ಕುಟುಂಬದ ಒಪ್ಪಿಗೆಯಿಂದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಬಳಗದ ಹುಡುಗನೊಬ್ಬ ಹನ್ನೊಂದನೆಯ ತರಗತಿಯಲ್ಲಿ ಚೆನ್ನೈಯಿಂದ ಇಲ್ಲಿಗೆ ಬಂದ. ಕಾಲೂಸರಾಯ್‌ನ ಕೋಚಿಂಗ್ ಕೇಂದ್ರವೊಂದಕ್ಕೆ ಸೇರಿದ. ಅಲ್ಲಿ ಭಾನುವಾರ ಪರೀಕ್ಷೆ, ಬುಧವಾರ ಗೋಡೆಯ ಮೇಲೆ ರ‍್ಯಾಂಕ್ ಪಟ್ಟಿ, ರ‍್ಯಾಂಕಿಗೆ ತಕ್ಕಂತೆ ಬ್ಯಾಚು. ಮೂರು ತಿಂಗಳಲ್ಲಿ ಅವನಿಗೆ ಭಾನುವಾರದ ಬೆಳಗ್ಗೆ ಹೊಟ್ಟೆನೋವು ಶುರುವಾಯಿತು. ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಸರಿಯಾಗಿದ್ದವು. ‘ನೆಪ’ ಎಂದರು ಕೋಚಿಂಗ್‌ನವರು. ಆ ಚಳಿಗಾಲದಲ್ಲಿ ಹಾಸನದ ಕಡೆಯಿಂದ ಅವನ ತಾಯಿಯ ತಾಯಿ ಬಂದು ಎರಡು ತಿಂಗಳು ಇದ್ದರು. ಆಕೆಗೆ ಜೆಇಇ ಎಂದರೇನೆಂದು ಗೊತ್ತಿರಲಿಲ್ಲ. ಅದೇ ಅವನಿಗೆ ಅನುಕೂಲವಾಯಿತು. ರಾತ್ರಿ ಅವನು ಓದುವಾಗ ಪಕ್ಕದಲ್ಲಿ ಅವರೆಕಾಳು ಹಿದುಕುತ್ತ ಕೂರುತ್ತಿದ್ದರು. ಏನನ್ನೂ ಕೇಳುತ್ತಿರಲಿಲ್ಲ. ಒಂದು ದಿನ ಅವನೇ, “ಅಜ್ಜಿ, ಹೊಟ್ಟೆ ಒಳಗೆ ಯಾರೋ ಕಿವುಚಿದ ಹಾಗೆ ಆಗುತ್ತೆ, ಉಸಿರು ಸಿಕ್ಕಿಕೊಳ್ಳುತ್ತೆ” ಎಂದ. ಮರುದಿನ ಅವರು ಮಗಳಿಗೆ ಹೇಳಿದ್ದು ಇಷ್ಟೆ: “ಇದು ಹೊಟ್ಟೆನೋವಲ್ಲ ಕಣೇ, ಮಗೂಗೆ ದಿಗಿಲು ಹಿಡಿದಿದೆ.” ಆ ಒಂದು ಪದದ ಬಲದಿಂದ ಮನೆಯವರು ಮನೋವೈದ್ಯರಲ್ಲಿಗೆ ಹೋದರು. ವಾರದ ಪರೀಕ್ಷೆ ನಿಂತಿತು, ಆಮೇಲೆ ಕೋಚಿಂಗೂ ನಿಂತಿತು. ಹುಡುಗ ಈಗ ಬಿ.ಎಸ್‌ಸಿ. ಓದುತ್ತಿದ್ದಾನೆ. ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ಸೆಮಿಸ್ಟರ್ ಪರೀಕ್ಷೆಯ ದಿನಗಳಲ್ಲಿ ಈಗಲೂ ಅವನಿಗೆ ನಿದ್ದೆ ಬರುವುದಿಲ್ಲ. ಆದರೆ ಈಗ ಹಾಗೆಂದು ಅವನೇ ಬಾಯಿಬಿಟ್ಟು ಹೇಳುತ್ತಾನೆ.

ಊರಿನಲ್ಲಿದ್ದರೆ ಮನೆಯಲ್ಲಿ ಇಂಥ ಮೂರನೆಯವರು ಯಾರಾದರೂ ಇರುತ್ತಿದ್ದರು. ಅಪ್ಪನ ಸಿಟ್ಟಿಗೂ ಮಗನ ಮೌನಕ್ಕೂ ನಡುವೆ ಒಬ್ಬ ಸೋದರಮಾವ, ಒಬ್ಬಳು ಅತ್ತೆ, ಪಕ್ಕದ ಮನೆಯ ಮೇಷ್ಟ್ರು. ಎರಡು ಕೋಣೆಯ ಸರ್ಕಾರಿ ಮನೆಯಲ್ಲಿ ಆ ಜಾಗ ಖಾಲಿ. ಊರಿನ ನಂಟರು ಫೋನಿನಲ್ಲಿ ಸಿಗುತ್ತಾರೆ, ಆದರೆ ಫೋನು ಮೊದಲು ಕೇಳುವುದು ‘ಎಷ್ಟು ಪರ್ಸೆಂಟು?’ ಎಂದು. ಈ ಖಾಲಿ ಜಾಗವನ್ನು ತುಂಬಲು ನಮ್ಮ ಬಳಗ ಎರಡು ವರ್ಷದಿಂದ ಕೆಲವು ಸಣ್ಣ ಏರ್ಪಾಡುಗಳನ್ನು ಮಾಡಿಕೊಂಡಿದೆ. ಹತ್ತು ಮತ್ತು ಹನ್ನೆರಡನೆಯ ತರಗತಿಯ ಮಕ್ಕಳು ತಿಂಗಳಿಗೊಂದು ಭಾನುವಾರ ಬೇರೊಬ್ಬರ ಮನೆಯಲ್ಲಿ ಊಟ ಮಾಡುತ್ತಾರೆ. ಅಲ್ಲಿ ಅಂಕ, ರ‍್ಯಾಂಕ್, ಕಾಲೇಜು ಕುರಿತು ಮಾತಿಲ್ಲ. ಒಂದು ವರ್ಷ ಕಳೆದುಕೊಂಡವರು, ಕಂಪಾರ್ಟ್‌ಮೆಂಟ್ ಬರೆದು ಪಾಸಾದವರು, ಮುಕ್ತ ಶಾಲೆಯಿಂದ ಹನ್ನೆರಡನೆಯದನ್ನು ಮುಗಿಸಿದವರು ಬಂದು ಮಕ್ಕಳೊಡನೆ ಕೂರುತ್ತಾರೆ. ರ‍್ಯಾಂಕ್ ಪಡೆದವರನ್ನು ಸನ್ಮಾನಿಸುವ ವೇದಿಕೆಗಳು ಬೇಕಾದಷ್ಟಿವೆ. ಎಡವಿ ಎದ್ದವರ ಮುಖ ಮಾತ್ರ ಮಕ್ಕಳಿಗೆ ಕಾಣಸಿಗುವುದಿಲ್ಲ. ನೂರು ವರ್ಷಗಳ ಹಿಂದೆಯೇ ಕೈಲಾಸಂ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಮುಂದಿರುವ ಮಗನನ್ನೂ ಹಿಂದೆ ಬೀಳುವ ಮಗನನ್ನೂ ಎದುರುಬದುರು ನಿಲ್ಲಿಸಿದ್ದರು. ಆ ನಾಟಕಕ್ಕೆ ನಕ್ಕ ನಮ್ಮ ಸಮಾಜ ಮನೆಗೆ ಬಂದು ಮಾರ್ಕ್ಸ್ ಕಾರ್ಡನ್ನೇ ಬಿಡಿಸಿತು.

ನಿದ್ದೆಯ ವಿಷಯದಲ್ಲಿ ನಮ್ಮ ಸಂಪ್ರದಾಯಕ್ಕೂ ವಿಜ್ಞಾನಕ್ಕೂ ಜಗಳವಿದೆ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದರು. ಹರೆಯದಲ್ಲಿ ದೇಹದ ಗಡಿಯಾರವೇ ಮುಂದಕ್ಕೆ ಸರಿಯುತ್ತದೆ. ರಾತ್ರಿ ಹನ್ನೊಂದರವರೆಗೆ ನಿದ್ದೆ ಬಾರದಿರುವುದು ಸೋಮಾರಿತನವಲ್ಲ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂಬುದು ತಜ್ಞರ ಸಲಹೆ. ಹಗಲು ಓದಿದ್ದನ್ನು ಮಿದುಳು ನೆನಪಾಗಿ ಗಟ್ಟಿಗೊಳಿಸುವುದು ನಿದ್ದೆಯಲ್ಲಿ. ಹನ್ನೆರಡಕ್ಕೆ ಮಲಗಿದವನನ್ನು ನಾಲ್ಕಕ್ಕೆ ಎಬ್ಬಿಸಿ ಕೂರಿಸಿದರೆ ಬಿತ್ತಿದ ಬೀಜವನ್ನು ಮೊಳೆಯುವ ಮುನ್ನ ಕೆದಕಿ ನೋಡಿದಂತೆ.

ಸರ್ಕಾರವೂ ನ್ಯಾಯಾಲಯವೂ ಸುಮ್ಮನಿಲ್ಲ. ಕೋಚಿಂಗ್ ಕೇಂದ್ರಗಳು ಹದಿನಾರು ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಪಾಠ ಬೇಡ, ವಾರಕ್ಕೊಂದು ರಜೆ ಇರಲಿ, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕ ಹಿಂದಿರುಗಿಸಲಿ ಎಂದು ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ವಿಶಾಖಪಟ್ಟಣದಲ್ಲಿ ತೀರಿಕೊಂಡ ಹದಿನೇಳರ ನೀಟ್ ವಿದ್ಯಾರ್ಥಿನಿಯೊಬ್ಬಳ ತಂದೆ ನ್ಯಾಯಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. 2025ರ ಜುಲೈ 25ರ ತೀರ್ಪಿನಲ್ಲಿ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರಿರಬೇಕು ಎಂದಿತು. ಕಡತಗಳ ನಡುವೆ ಬದುಕುವ ನಮಗೆ ಆದೇಶಕ್ಕೂ ಅನುಷ್ಠಾನಕ್ಕೂ ಇರುವ ದೂರ ಗೊತ್ತು. ಹಾಗಾಗಿ ಶಾಲೆಯ ಪೋಷಕರ ಸಭೆಯಲ್ಲಿ ‘ಸಿಲಬಸ್ ಯಾವಾಗ ಮುಗಿಯುತ್ತದೆ?’ ಎಂಬ ಪ್ರಶ್ನೆಯ ಜೊತೆಗೆ ‘ಆಪ್ತಸಮಾಲೋಚಕರು ಯಾರು, ಯಾವ ದಿನ ಸಿಗುತ್ತಾರೆ?’ ಎಂದೂ ಕೇಳುತ್ತೇವೆ. ಕೇಳುವವರು ಐದು ಮಂದಿಯಾದರೆ ಉತ್ತರ ಬೇಗ ಬರುತ್ತದೆ.

ಎಚ್ಚರವಹಿಸಬೇಕಾದ ಗುರುತುಗಳು ಇವು: ಎರಡು ವಾರಕ್ಕೂ ಮೀರಿ ನಿದ್ದೆ ಅಥವಾ ಹಸಿವು ಕೆಟ್ಟಿರುವುದು, ಗೆಳೆಯರಿಂದ ದೂರ ಸರಿಯುವುದು, ಕಾರಣ ಸಿಗದ ತಲೆನೋವು ಹೊಟ್ಟೆನೋವು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ‘ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ’ ಎಂಬಂಥ ಮಾತು. ಆ ಮಾತು ಬಂದರೆ ಗದರಬಾರದು, ನಗೆಯಲ್ಲಿ ತೇಲಿಸಲೂ ಬಾರದು. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿಯೇ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಬರುತ್ತದೆ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಬೇಕು. ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಬೆನ್ನೆಲುಬು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಭಾಷೆಯನ್ನು ಆರಿಸಿಕೊಳ್ಳುವ ಅನುಕೂಲವಿದೆ, ಕನ್ನಡವೂ ಅದರಲ್ಲಿದೆ. ಮಗು ಹಿಂದಿಯಲ್ಲಿ ಮಾತಾಡಲಿ, ತಾಯಿ ಕನ್ನಡದಲ್ಲಿ ಮಾತಾಡಲಿ. ಸಿಬಿಎಸ್‌ಇ ಕೂಡ 1998ರಿಂದ ಪ್ರತಿವರ್ಷ ಪರೀಕ್ಷೆಯ ಹೊತ್ತಿಗೆ ಆಪ್ತಸಮಾಲೋಚನೆ ನಡೆಸುತ್ತ ಬಂದಿದೆ. ಅದರ ಉಚಿತ ಸಂಖ್ಯೆ 1800-11-8004.

ಈ ವರ್ಷ ನಮ್ಮ ಬಳಗದಲ್ಲಿ ಹನ್ನೆರಡನೆಯ ತರಗತಿಯ ಮಕ್ಕಳು ಏಳು ಮಂದಿ. ಫಲಿತಾಂಶ ಮೇ ತಿಂಗಳಲ್ಲಿ ಬರಬಹುದು. ಅಂದು ಸಂಜೆ ಏಳೂ ಮಕ್ಕಳನ್ನು ಒಂದೇ ಮನೆಗೆ ಊಟಕ್ಕೆ ಕರೆಯುವುದೆಂದು ಫಲಿತಾಂಶಕ್ಕೆ ಮೊದಲೇ ನಿಶ್ಚಯಿಸಿದ್ದೇವೆ. ಅಂಕಗಳು ಎಷ್ಟೇ ಬರಲಿ, ಅಡುಗೆ ಬದಲಾಗುವುದಿಲ್ಲ: ಚಿತ್ರಾನ್ನ, ಕೋಸಂಬರಿ, ಶ್ಯಾವಿಗೆ ಪಾಯಸ. ಊರಿನಿಂದ ಬರುವ ಫೋನುಗಳನ್ನು ಅಂದು ದೊಡ್ಡವರೇ ಎತ್ತಿಕೊಳ್ಳುವುದೆಂದೂ ಮಾತಾಗಿದೆ. ಓದುಗರ ಊರುಗಳಲ್ಲೂ ಕನ್ನಡ ಸಂಘಗಳಿವೆ, ಹನ್ನೆರಡನೆಯ ತರಗತಿಯ ಮಕ್ಕಳೂ ಇದ್ದಾರೆ. ಫಲಿತಾಂಶಕ್ಕೆ ಇನ್ನೂ ಸಮಯವಿದೆ.